ಮುಯ್ಯಿ ಸರಿ, ಆದ್ರೆ ಯಾರ ಜೇಬಿಂದ?

ಹಾಂಗ್‌ಕಾಂಗಿನ ಕ್ಯಾಂಟೊನೀಸ್ ಮಂದಿಯಲ್ಲಿ ಒಂದು ಗಾದೆ ಇದೆ: 'ಯಾನ್‌ಚಿಂಗ್ ಗನ್ ಗ್ವೊ ಜಾಯ್'. ಸಾಲಕ್ಕಿಂತ ಉಪಕಾರದ ಋಣವೇ ಬಿಗಿ ಅಂತ ಅರ್ಥ. ಯಾನ್‌ಚಿಂಗ್ ಅಂದ್ರೆ ಅಕ್ಷರಶಃ ಮನುಷ್ಯನ ಭಾವನೆ. ಅದೇ ಪದ ಮಾಡಿದ ಉಪಕಾರಕ್ಕೂ ಹೌದು, ಮದುವೆಗೆ ಹೋದವರು ಲಕೋಟೆಯಲ್ಲಿ ಕೊಡುವ ಹಣಕ್ಕೂ ಹೌದು.

ಹಳ್ಳಿಯಲ್ಲಿ ಬೆಳೆದ ನನಗೆ ಇದೇನೂ ಹೊಸದಲ್ಲ. ನಾವು ಅದನ್ನ ಮುಯ್ಯಿ ಅಂತೀವಿ. ಅಕ್ಕನ ಮದುವೆಗೆ ಯಾರು ಎಷ್ಟು ಹಾಕಿದ್ರು ಅಂತ ಬರೆದಿಟ್ಟ ನೋಟ್‌ಬುಕ್ ಇವತ್ತಿಗೂ ಅಮ್ಮನ ಟ್ರಂಕಿನಲ್ಲಿದೆ. ನಾಟಿಗೆ ಅವರು ನಮ್ಮ ಗದ್ದೆಗೆ ಬಂದರೆ ನಾವು ಅವರ ಗದ್ದೆಗೆ ಹೋಗಲೇಬೇಕು. ಬ್ಯಾಂಕಿನ ಕಂತು ತಪ್ಪಬಹುದು, ಮುಯ್ಯಿ ತಪ್ಪೋ ಹಾಗಿಲ್ಲ. 'ಇದೆಲ್ಲ ಬರೀ ಲೆಕ್ಕಾಚಾರ' ಅಂತ ಮೂಗು ಮುರಿಯೋ ನಗರದ ಗೆಳೆಯರ ಜತೆ ನಾನು ಜಗಳಕ್ಕೇ ನಿಲ್ತೀನಿ. ಪಡೆದದ್ದನ್ನ ನೆನಪಿಟ್ಟುಕೊಳ್ಳೋದು ಸಣ್ಣತನ ಅಲ್ಲ.

ಆದ್ರೆ ಇಲ್ಲೇ ಒಂದು ಮೋಸ ನುಸುಳುತ್ತೆ. ನಾನು ಬೆಂಗಳೂರಿಗೆ ಬಂದಾಗ ಮೂರು ತಿಂಗಳು ತನ್ನ ರೂಮಲ್ಲಿ ಇಟ್ಟುಕೊಂಡವನು ಕಳೆದ ವರ್ಷ ಫೋನ್ ಮಾಡಿದ. ಅವನ ತಮ್ಮನ ಇಂಟರ್‌ವ್ಯೂ ತಗೊಳ್ಳೋನು ನಾನೇ. 'ಪ್ರಶ್ನೆ ಸ್ವಲ್ಪ ಮೊದಲೇ ಹೇಳಿಬಿಡು ಮಾರಾಯ, ಮರೆತುಬಿಟ್ಯಾ ಹಳೇದೆಲ್ಲ?'

ಮರೆತಿರಲಿಲ್ಲ. ಅದಕ್ಕೇ ಕಷ್ಟ ಆಯ್ತು.

ಹಾಂಗ್‌ಕಾಂಗ್ ಈ ಕಷ್ಟವನ್ನ ದೊಡ್ಡದಾಗಿಯೇ ಕಂಡಿದೆ. ಒಂದು ಕಾಲಕ್ಕೆ ಅಲ್ಲಿ 'ಚಹಾ ಕಾಸು' ಕೊಡದೆ ಆಸ್ಪತ್ರೆಯಲ್ಲಿ ಆಯಾ ಬೆಡ್‌ಪ್ಯಾನ್ ತರ್ತಿರಲಿಲ್ಲ, ಬೆಂಕಿ ಆರಿಸೋಕೆ ಬಂದವರು ನೀರು ಬಿಡೋ ಮುಂಚೆ ದುಡ್ಡು ಕೇಳ್ತಿದ್ರು. 1974ರಲ್ಲಿ ಅಲ್ಲಿ ಭ್ರಷ್ಟಾಚಾರ ವಿರೋಧಿ ಸ್ವತಂತ್ರ ಆಯೋಗ ಬಂತು. ಆಮೇಲೂ ಮದುವೆ ಲಕೋಟೆ ನಿಲ್ಲಲಿಲ್ಲ. ನಿಲ್ಲಬೇಕಿದ್ದದ್ದು ಲಂಚ, ಯಾನ್‌ಚಿಂಗ್ ಅಲ್ಲ. 'ಇದೆಲ್ಲ ನಮ್ಮ ಸಂಸ್ಕೃತಿ ಸಾರ್' ಅಂತ ಎರಡನ್ನೂ ಒಂದೇ ಚೀಲಕ್ಕೆ ತುಂಬೋರು ಇದನ್ನ ಗಮನಿಸಬೇಕು.

ಕ್ಯಾಂಟೊನೀಸಲ್ಲೇ ಇನ್ನೊಂದು ಮಾತಿದೆ: ಉಪಕಾರ ಉಪಕಾರವೇ, ಆದ್ರೆ ಲೆಕ್ಕ ಚೊಕ್ಕವಾಗಿರಬೇಕು. ನನ್ನ ಲೆಕ್ಕ ಇಷ್ಟೇ: ಋಣ ನನ್ನದು, ಹಾಗಾಗಿ ತೀರಿಸಬೇಕಾದ್ದೂ ನನ್ನದರಿಂದಲೇ. ನನ್ನ ಹಣ, ನನ್ನ ಭಾನುವಾರ, ನನ್ನ ನಿದ್ದೆ. ಆ ಕೆಲಸಕ್ಕೆ ರಾತ್ರಿಯೆಲ್ಲ ಓದಿ ಬಂದಿರೋ, ಯಾರ ಪರಿಚಯವೂ ಇಲ್ಲದ ಇನ್ನೊಬ್ಬ ಹಳ್ಳಿ ಹುಡುಗಿಯ ಸೀಟಿನಿಂದ ಅಲ್ಲ. ಬೇರೆಯವರ ಗದ್ದೆಯ ಭತ್ತ ಕೊಯ್ದು ಮುಯ್ಯಿ ತೀರಿಸಿದೆ ಅಂದ್ರೆ ನಮ್ಮೂರಲ್ಲಿ ಅದಕ್ಕೆ ಕಳ್ಳತನ ಅಂತಾರೆ.

ಪ್ರಶ್ನೆ ಹೇಳಲಿಲ್ಲ. ಆ ಇಂಟರ್‌ವ್ಯೂನಿಂದ ಹಿಂದೆ ಸರಿದೆ. ಬೇರೆ ಕಂಪನಿಗಳಿಗೆ ತಯಾರಿ ಮಾಡಿಸ್ತೀನಿ, ಪ್ರತಿ ಭಾನುವಾರ ಕಳಿಸು ಅಂದೆ. ತಮ್ಮ ಬಂದ. ಅಣ್ಣ ಮಾತ್ರ ಇನ್ನೂ ಫೋನ್ ಎತ್ತಲ್ಲ. ಆ ಮೂರು ತಿಂಗಳು ಈಗಲೂ ನನ್ನ ಪುಸ್ತಕದಲ್ಲಿ ಬಾಕಿ ಇದೆ.