ಕೋವಿಗೂ ವಿಮಾನದ ಟಿಕೆಟ್ಟು: ದರ ಎಷ್ಟು, ಹೇಳೋರು ಯಾರು?

ಬಸ್ಸಿಗೆ ಅಕ್ಕಿ ಮೂಟೆ ಏರಿಸಿದರೆ ಕಂಡಕ್ಟರು ಲಗೇಜು ಚಾರ್ಜು ಕೇಳ್ತಾನೆ. ಒಂದಷ್ಟು ಜಗಳ ಆಗುತ್ತೆ. ಆದರೂ ಅದಕ್ಕೊಂದು ಲೆಕ್ಕ ಇದೆ. ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ಒಬ್ಬ ಪ್ರಯಾಣಿಕನಿಗೆ 30 ಕಿಲೋ ತನಕ ಪುಕ್ಕಟೆ. ಮೇಲಾದರೆ ಕಾಸು. ಕಾಸು ಕೊಟ್ಟರೆ ಕೈಗೆ ಚೀಟಿ. ಅಲ್ಲಿಗೆ ಮಾತು ಮುಗೀತು.

ವಿಮಾನದಲ್ಲಿ ಕೋವಿ ಕೊಂಡೊಯ್ಯುವವನ ಪಾಡು ಹಾಗಲ್ಲ. ಟಿಕೆಟ್ಟಿನ ದುಡ್ಡು ತಿಂಗಳ ಹಿಂದೆಯೇ ಕಟ್ಟಿರ್ತಾನೆ. ಕೋವಿಯ ದುಡ್ಡು ಎಷ್ಟು ಅನ್ನೋದು ಎಷ್ಟೋ ಸಲ ಗೊತ್ತಾಗೋದು ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತಾಗ. ಆಗ ಚೌಕಾಸಿಗೆ ಹೊತ್ತೂ ಇಲ್ಲ, ಹಿಂದೆ ತಿರುಗೋ ದಾರಿಯೂ ಇಲ್ಲ.

ಕೋವಿಯನ್ನು ವಿಮಾನಕ್ಕೆ ಹತ್ತಿಸ್ತಾರಾ ಅಂತ ಬೇರೆ ಜಿಲ್ಲೆಯವರು ಹುಬ್ಬು ಹಾರಿಸಬಹುದು. ಹತ್ತಿಸ್ತಾರೆ. ಅಮೆರಿಕ, ಯುರೋಪಿನಿಂದ ಆಫ್ರಿಕಕ್ಕೆ ಬೇಟೆಗೆ ಹೋಗೋರು ಸ್ವಂತ ರೈಫಲು ಕಟ್ಟಿಕೊಂಡೇ ಹೋಗ್ತಾರೆ. ಭಾರತದಿಂದ ಹೋಗೋರು ಗುರಿಕಾರರು, ಅಂದರೆ ಶೂಟಿಂಗ್ ಪಂದ್ಯದ ಹುಡುಗ ಹುಡುಗಿಯರು. ಇಬ್ಬರ ಪೆಟ್ಟಿಗೆಗೂ ನಿಯಮ ಹೆಚ್ಚುಕಡಿಮೆ ಒಂದೇ. ಆದರೆ ಇಬ್ಬರ ಜೇಬು ಒಂದೇ ಅಲ್ಲ. ಗುಟ್ಟು ಇರೋದು ಅಲ್ಲೇ.

ಕೊಡಗಿನ ಹಕ್ಕು ಎಲ್ಲಿಯ ತನಕ?

ಕೋವಿಯ ಮಾತು ಬಂದರೆ ಕೊಡಗಿನಲ್ಲಿ ಕಿವಿ ನೆಟ್ಟಗಾಗೋದು ಸಹಜ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ನಾಡು ಇದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ಹೈಕೋರ್ಟಿಗೆ ಹೋದ ತಕರಾರು 2021ರಲ್ಲಿ ವಜಾ ಆಯಿತು.

ಜಿಲ್ಲೆಯ ಗಡಿ ದಾಟಿದಾಗ ಈ ವಿನಾಯಿತಿಗೂ ಮಿತಿ ಇದೆ. ಒಂದು ರೈಫಲು, ಅದಕ್ಕೆ 100 ತೋಟೆ. ಒಂದು ನಯವಾದ ನಳಿಗೆಯ ಕೋವಿ, ಅದಕ್ಕೆ 500 ತೋಟೆ. ಕಾಗದದ ಮೇಲೆ ಇಷ್ಟು.

ವಿಮಾನದ ತಕ್ಕಡಿ ಮಾತ್ರ ಬೇರೆ. ಒಬ್ಬ ಪ್ರಯಾಣಿಕನಿಗೆ ಹೆಚ್ಚೆಂದರೆ 5 ಕಿಲೋ ತೋಟೆ, ಅದೂ ಕಟ್ಟಿದ ಪೆಟ್ಟಿಗೆಯ ತೂಕ ಸೇರಿಸಿ. ಇದು ಒಂದು ಕಂಪನಿಯ ಮಾತಲ್ಲ, ಅಂತರರಾಷ್ಟ್ರೀಯ ವಿಮಾನ ಸಾಗಣೆಯ ನಿಯಮ. ಗಂಡ ಹೆಂಡತಿ ಜೊತೆಗೆ ಹೋದರೂ ಇಬ್ಬರ ಪಾಲು ಕೂಡಿಸಿ ಒಂದೇ ಪೆಟ್ಟಿಗೆಯಲ್ಲಿ 10 ಕಿಲೋ ಹಾಕುವ ಹಾಗಿಲ್ಲ. ಹನ್ನೆರಡು ಬೋರಿನ ತೋಟೆ ಒಂದಕ್ಕೆ ಸುಮಾರು 45ರಿಂದ 50 ಗ್ರಾಂ ತೂಕ. 5 ಕಿಲೋ ಅಂದರೆ 100ರ ಆಸುಪಾಸು. ಕಾಯ್ದೆ ಕೊಟ್ಟ 500ರಲ್ಲಿ ವಿಮಾನ ಹತ್ತೋದು ಐದರಲ್ಲೊಂದು ಪಾಲು.

ಇನ್ನು ಸಮುದ್ರ ದಾಟಿದರೆ ಆ ವಿನಾಯಿತಿಗೆ ಬೆಲೆಯೇ ಇಲ್ಲ. ಅದು ಭಾರತದ ಕಾಯ್ದೆಯ ಮಾತು. ದುಬೈಯ ಪೊಲೀಸನಿಗೆ ಜಮ್ಮಾ ಹಿಡುವಳಿಯ ಕಾಗದ ತೋರಿಸಿದರೆ ಆತ ಓದೋದೂ ಇಲ್ಲ, ಒಪ್ಪೋದೂ ಇಲ್ಲ.

ದುಡ್ಡು ಯಾತಕ್ಕೆ?

ಕೋವಿಯೂ ಒಂದು ಲಗೇಜು ತಾನೆ, ತೂಕ ನೋಡಿ ದುಡ್ಡು ತಗೊಂಡರೆ ಸಾಲದೆ ಅನ್ನೋದು ಸರಳ ಪ್ರಶ್ನೆ. ಉತ್ತರ ಅಷ್ಟು ಸರಳ ಅಲ್ಲ.

ಕೋವಿ ಪ್ರಯಾಣಿಕನ ಜೊತೆ ಒಳಗೆ ಕೂರೋ ಹಾಗಿಲ್ಲ. ಗುಂಡು ತೆಗೆದು, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಅಮೆರಿಕದಲ್ಲಿ ಆ ಬೀಗದ ಕೈ ಪ್ರಯಾಣಿಕನ ಹತ್ತಿರವೇ ಇರಬೇಕು ಅಂತ ನಿಯಮ. ಎಷ್ಟೋ ಕಡೆ ಈ ಪೆಟ್ಟಿಗೆಯನ್ನು ಉಳಿದ ಸೂಟ್‌ಕೇಸುಗಳ ಹಾಗೆ ಬೆಲ್ಟಿನ ಮೇಲೆ ಬಿಡೋದಿಲ್ಲ. ಒಬ್ಬ ಆಳು ಅದರ ಜೊತೆ ನಡೆಯಬೇಕು. ಕಾಗದ ನೋಡಬೇಕು, ಸಹಿ ಹಾಕಬೇಕು. ಇಳಿಯುವ ಊರಿನಲ್ಲಿ ಇನ್ನೊಬ್ಬ ಆಳು ಅದನ್ನು ಪೊಲೀಸರ ಎದುರು ಒಪ್ಪಿಸಬೇಕು.

ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಗಾಜಿನ ಸಾಮಾನು ಲಾರಿಯಿಂದ ಇಳಿಸುವ ಹಮಾಲಿ ಮೂಟೆಯ ಕೂಲಿಗೆ ಒಪ್ಪೋದಿಲ್ಲ. ತೂಕ ಕಮ್ಮಿ, ಜವಾಬ್ದಾರಿ ಜಾಸ್ತಿ. ಕೋವಿಯ ಶುಲ್ಕವೂ ಹೀಗೆ ಜವಾಬ್ದಾರಿಯ ಕೂಲಿ. ಅದನ್ನು ಕೇಳೋದೇ ತಪ್ಪು ಅನ್ನೋ ಹಾಗಿಲ್ಲ.

ತಪ್ಪು ಇರೋದು ಕೇಳುವ ಕ್ರಮದಲ್ಲಿ. ಒಂದು ಕಂಪನಿ ಕೋವಿಯನ್ನು ಸಾಮಾನ್ಯ ಲಗೇಜಿನ ಲೆಕ್ಕದಲ್ಲೇ ಬಿಡುತ್ತೆ. ಇನ್ನೊಂದು ಪ್ರತ್ಯೇಕ ಶುಲ್ಕ ಹಾಕುತ್ತೆ. ಮತ್ತೊಂದು ಮೊದಲೇ ಫೋನು ಮಾಡಿ ಒಪ್ಪಿಗೆ ಪಡೆಯದಿದ್ದರೆ ಕೋವಿಯನ್ನು ಮುಟ್ಟೋದೇ ಇಲ್ಲ. ಹೋಗುವಾಗ ಒಂದು ಸಲ, ಬರುವಾಗ ಇನ್ನೊಂದು ಸಲ ಕಕ್ಕಬೇಕಾದ್ದೂ ಉಂಟು. ನಡುವೆ ಕಂಪನಿ ಬದಲಾದರೆ ಎರಡನೆಯವನ ನಿಯಮವೂ ಬಂದು ಕೂರುತ್ತೆ.

ನಡುದಾರಿಯ ಗಂಟು

ದಕ್ಷಿಣ ಆಫ್ರಿಕಕ್ಕೆ ಬೇಟೆಗೆ ಹೋಗುವ ಅಮೆರಿಕದವನ ಉದಾಹರಣೆ ತಗೊಳ್ಳಿ. ಮನೆ ಬಿಡುವ ಮೊದಲು ಅಲ್ಲಿಯ ಕಸ್ಟಮ್ಸ್ ಕಚೇರಿಗೆ ಹೋಗಿ ರೈಫಲಿನ ನಂಬರು ಬರೆಸಿ 4457 ನಂಬರಿನ ಫಾರಮ್ಮಿಗೆ ಮೊಹರು ಹಾಕಿಸ್ತಾನೆ. ಇಲ್ಲಾಂದ್ರೆ ವಾಪಸು ಬಂದಾಗ ಇದು ನಿನ್ನದೇ ಅನ್ನೋದಕ್ಕೆ ಏನು ಸಾಕ್ಷಿ ಅನ್ನುವ ಪ್ರಶ್ನೆ ಏಳುತ್ತೆ. ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಪೊಲೀಸರ ಕೋವಿ ಕಚೇರಿಗೆ ಹೋಗಿ, 520 ನಂಬರಿನ ಫಾರಮ್ಮು ಕೊಟ್ಟು, ತಾತ್ಕಾಲಿಕ ಪರವಾನಗಿ ಪಡೀತಾನೆ. ಬೇಟೆಗೆ ಕರೆದವರ ಪತ್ರವೂ ಕೈಲಿರಬೇಕು.

ನಡುವೆ ಆಮ್‌ಸ್ಟರ್‌ಡಾಮಿನಲ್ಲಿ ವಿಮಾನ ಬದಲಿಸಿದರೆ, ಅಲ್ಲಿ ಹೊರಗೆ ಕಾಲಿಡದೆ ಹೋದರೂ, ಕೋವಿ ಹಾದುಹೋಗೋದಕ್ಕೆ ಆ ದೇಶದ ಒಪ್ಪಿಗೆ ಮೊದಲೇ ಬೇಕು. ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ಟು ಮಾಡಿಸಿದರಂತೂ ಕಷ್ಟ. ಮೊದಲನೆಯ ವಿಮಾನದವ ಪೆಟ್ಟಿಗೆಯನ್ನು ನಡುದಾರಿಯಲ್ಲೇ ಇಳಿಸಿ ಕೈ ತೊಳಕೊಳ್ತಾನೆ. ಅದನ್ನು ಬಿಡಿಸಿಕೊಳ್ಳೋದು ಅಂದರೆ ಆ ದೇಶದ ಒಳಗೆ ಕೋವಿ ತಂದ ಹಾಗೆ. ಅದಕ್ಕೆ ಬೇರೆಯೇ ಪರವಾನಗಿ. ಉಳಿಸಿದ್ದು ನೂರು, ಕಳೆದುಕೊಂಡದ್ದು ಸಾವಿರ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂತ ಎಷ್ಟೋ ಬೇಟೆಗಾರರು ರೈಫಲನ್ನು ಮನೆಯಲ್ಲೇ ಬಿಟ್ಟು, ಅಲ್ಲಿ ಬೇಟೆ ಮಾಡಿಸುವವರಿಂದ ದಿನಬಾಡಿಗೆಗೆ ಕೋವಿ ಪಡೀತಾರೆ. ಕೊಟ್ಟರೂ ಅವರಿಗೆ ನಷ್ಟ ಏನಿಲ್ಲ. ಒಂದು ಕಾಡೆಮ್ಮೆಯ ಬೇಟೆಗೆ ಸಾವಿರಾರು ಡಾಲರು ಸುರಿಯುವವನಿಗೆ ಕೋವಿಯ ಶುಲ್ಕ ಯಾವ ಲೆಕ್ಕ?

ಕೊಂಬು ಬೇಡ, ಕೋವಿ ಬರಲಿ!

ವಿಮಾನ ಕಂಪನಿಗಳು ಈ ವ್ಯವಹಾರದಿಂದ ಪೂರಾ ಕೈ ತೊಳೆದದ್ದೂ ಇಲ್ಲ. 2015ರ ಜುಲೈಯಲ್ಲಿ ಜಿಂಬಾಬ್ವೆಯಲ್ಲಿ ಸಿಸಿಲ್ ಅನ್ನುವ ಹೆಸರಾಂತ ಸಿಂಹವನ್ನು ಅಮೆರಿಕದ ಒಬ್ಬ ಹಲ್ಲಿನ ಡಾಕ್ಟರು ಬೇಟೆಯಾಡಿದ. ಲೋಕವೆಲ್ಲ ಬೊಬ್ಬೆ ಎದ್ದಿತು. ಆಗಸ್ಟಿನಲ್ಲಿ ಡೆಲ್ಟಾ ಕಂಪನಿ ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ, ಈ ಐದರ ತಲೆ ಕೊಂಬುಗಳನ್ನು ಸಾಗಿಸೋದಿಲ್ಲ ಅಂತ ಸಾರಿತು. ಅಮೆರಿಕನ್, ಯುನೈಟೆಡ್ ಕಂಪನಿಗಳೂ ಹಿಂದೆಯೇ ಸಾರಿದವು. ಆದರೆ ನಿಷೇಧ ಆದದ್ದು ಕೊಂಬಿಗೆ. ಕೊಂದ ರೈಫಲಿಗೆ ಜಾಗ ಹಾಗೇ ಉಳೀತು. ತಲೆ ತರಬೇಡ, ತಲೆ ತೆಗೆಯೋದಕ್ಕೆ ಹೋಗು ಅಂದ ಹಾಗಾಯಿತು.

ಭಾರತದಲ್ಲಿ ಈ ಪ್ರಶ್ನೆಗೆ 1972ರಲ್ಲೇ ಉತ್ತರ ಸಿಕ್ಕಿತ್ತು. ಆ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶೋಕಿಯ ಬೇಟೆಗೆ ಕಡಿವಾಣ ಹಾಕಿತು. ಆದ್ದರಿಂದ ಇಲ್ಲಿ ಕೋವಿ ಹಿಡಿದು ವಿಮಾನದ ಕೌಂಟರಿನಲ್ಲಿ ನಿಲ್ಲೋರು ಬೇಟೆಗಾರರಲ್ಲ, ಆಟಗಾರರು.

ಹೊಡೆತ ಬೀಳೋದು ಯಾರಿಗೆ?

2021ರ ಫೆಬ್ರವರಿಯಲ್ಲಿ ಶೂಟರ್ ಮನು ಭಾಕರ್ ದಿಲ್ಲಿಯಿಂದ ಭೋಪಾಲಿಗೆ ತರಬೇತಿಗೆ ಹೊರಟಿದ್ದರು. ಆಯುಧ ಸಾಗಿಸೋದಕ್ಕೆ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಕೈಯಲ್ಲಿದ್ದರೂ 10,200 ರೂಪಾಯಿ ಕೇಳ್ತಿದ್ದಾರೆ, ವಿಮಾನ ಹತ್ತಿಸ್ತಿಲ್ಲ ಅಂತ ಅವರು ಸಾರ್ವಜನಿಕವಾಗಿ ದೂರಿದರು. ಕಾನೂನಿಗೆ ಬೇಕಾದ ಕಾಗದ ಮಾತ್ರ ಕೇಳಿದ್ದು ಅಂತ ಏರ್ ಇಂಡಿಯಾ ಹೇಳಿತು. ಕಡೆಗೆ ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಮಧ್ಯೆ ಬಂದ ಮೇಲೆ ಅವರು ವಿಮಾನ ಹತ್ತಿದರು.

ಯಾರದ್ದು ಸರಿ, ಯಾರದ್ದು ತಪ್ಪು ಅನ್ನೋದು ಒಂದು ಕಡೆ ಇರಲಿ. ಆಗಲೇ ಹೆಸರು ಮಾಡಿದ್ದ ಆಟಗಾರ್ತಿಗೆ ಮಂತ್ರಿಯ ಮಾತು ಬೇಕಾಯಿತು. ಅದೇ ಮನು ಭಾಕರ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಿಂದ ಎರಡು ಕಂಚು ತಂದರು. ಹೆಸರಿಲ್ಲದ, ಮಂತ್ರಿಯ ಗುರುತಿಲ್ಲದ ಹುಡುಗಿ ಅದೇ ಕೌಂಟರಿನಲ್ಲಿ ನಿಂತಿದ್ದರೆ? ದುಡ್ಡು ಕಟ್ಟಬೇಕು, ಇಲ್ಲಾಂದ್ರೆ ಪಂದ್ಯ ಬಿಡಬೇಕು. ಮಗಳ ಟಿಕೆಟ್ಟಿಗೆಂದು ಅಪ್ಪ ಕಾಫಿ ಮಾರಿದ ದುಡ್ಡೋ, ಚೀಟಿ ಎತ್ತಿದ ದುಡ್ಡೋ ಹೊಂದಿಸಿರ್ತಾನೆ. ಅದರಲ್ಲಿ ಕೋವಿಯ ಬಾಬತ್ತು ಬರೆದಿರೋದಿಲ್ಲ.

ತೋಟೆಯ 5 ಕಿಲೋ ಮಿತಿಯೂ ಇವರಿಗೇ ಹೆಚ್ಚು ಬಿಗಿ. ಟ್ರ್ಯಾಪ್ ಪಂದ್ಯದ ಅರ್ಹತಾ ಸುತ್ತಿನಲ್ಲಿ ಹಾರುವ ಬಿಲ್ಲೆ 125. ಒಂದೊಂದಕ್ಕೆ ಎರಡು ಗುಂಡು ಹಾರಿಸೋದಕ್ಕೆ ಅವಕಾಶ ಉಂಟು. ಜೊತೆಗೆ ಒಯ್ದ 100 ತೋಟೆ ಅರ್ಹತಾ ಸುತ್ತಿಗೇ ಸಾಲದು. ಅಭ್ಯಾಸದ ಮಾತಂತೂ ದೂರ. ಉಳಿದದ್ದನ್ನು ಆ ದೇಶದಲ್ಲೇ ಆ ದೇಶದ ರೇಟಿಗೆ ಹೊಂದಿಸಿಕೊಳ್ಳಬೇಕು. ಬೇಟೆಗಾರನಿಗೆ ವಾರಕ್ಕೆ ಹತ್ತಿಪ್ಪತ್ತು ಗುಂಡು ಸಾಕು. ನಿಯಮ ಇಬ್ಬರಿಗೂ ಒಂದೇ, ಭಾರ ಒಂದೇ ಅಲ್ಲ.

ಮರೆತ ತೋಟೆಯ ಬೆಲೆ

ಕೋವಿ ಕೊಂಡೊಯ್ಯದವರಿಗೂ ಇಲ್ಲೊಂದು ಪಾಠ ಇದೆ. ಕೊಡಗಿನವರಿಗೆ ಸ್ವಲ್ಪ ಹೆಚ್ಚೇ ಇದೆ. ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋದಕ್ಕೆ ಹೋದ ದಿನ ಹೆಗಲಿಗೆ ಹಾಕಿದ್ದ ಚೀಲವನ್ನೇ ತಿಂಗಳಾದ ಮೇಲೆ ಗಲ್ಫಿಗೆ ಹೊರಟ ಮಗ ತಗೊಂಡು ಹೋದರೆ, ಮೂಲೆಯಲ್ಲಿ ಉಳಿದ ಒಂದು ತೋಟೆ ಸಾಕು. ಕಣ್ಣೂರೇ ಆಗಲಿ, ಮಂಗಳೂರೇ ಆಗಲಿ, ಬೆಂಗಳೂರೇ ಆಗಲಿ, ಎಕ್ಸ್‌ರೇ ಯಂತ್ರ ಅದನ್ನು ಬಿಡೋದಿಲ್ಲ. ವಿಮಾನ ತಪ್ಪುತ್ತೆ, ಸ್ಟೇಷನ್ನು ಮೆಟ್ಟಲು ಹತ್ತಬೇಕಾಗುತ್ತೆ. ಗೊತ್ತಿದ್ದೇ ಇಟ್ಟುಕೊಂಡದ್ದಾ, ಮರೆತು ಬಂದದ್ದಾ ಅನ್ನೋದನ್ನು ಕೋರ್ಟು ನೋಡುತ್ತೆ ನಿಜ. ಆದರೆ ಅಷ್ಟರಲ್ಲಿ ವೀಸಾದ ಗಡುವೂ ಹೋಗಿರುತ್ತೆ, ಕೆಲಸವೂ ಹೋಗಿರುತ್ತೆ.

ಇದು ಇಲ್ಲಿಯ ರೋಗ ಮಾತ್ರ ಅಲ್ಲ. ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2023ರಲ್ಲಿ ಸಿಕ್ಕಿಬಿದ್ದ ಬಂದೂಕು, ಪಿಸ್ತೂಲು 6,737. ಹೆಚ್ಚಿನವುಗಳಲ್ಲಿ ಗುಂಡು ತುಂಬಿತ್ತು. ಕೇಳಿದರೆ ಮರೆತೆ ಅನ್ನೋ ಉತ್ತರವೇ ಸಾಮಾನ್ಯ. ಹೊರಡುವ ಮೊದಲು ಚೀಲ ಬುಡಮೇಲು ಮಾಡಿ ಕೊಡವಿ ನೋಡೋದಕ್ಕೆ ಯಾವ ಶುಲ್ಕವೂ ಇಲ್ಲ.

ದರಪಟ್ಟಿ ಎಲ್ಲಿ?

ಶುಲ್ಕ ರದ್ದು ಮಾಡಿ ಅಂತ ಕೂಗೋದು ಸುಲಭ. ಕೋವಿಯ ಹಿಂದೆ ನಡೆಯುವ ಆಳಿಗೆ ಸಂಬಳ ಕೊಡೋರು ಯಾರು? ಕೋವಿ ಇಲ್ಲದ ಪ್ರಯಾಣಿಕ ಅದನ್ನು ಯಾಕೆ ಹೊರಬೇಕು? ಶುಲ್ಕ ಇರಲಿ. ಆದರೆ ಟಿಕೆಟ್ಟು ಕೊಳ್ಳುವ ದಿನವೇ, ಟಿಕೆಟ್ಟಿನ ದರದ ಪಕ್ಕದಲ್ಲೇ ಅದು ಕಾಣಲಿ. ಹೋಗೋದಕ್ಕೆ ಎಷ್ಟು, ಬರೋದಕ್ಕೆ ಎಷ್ಟು, ನಡುವೆ ಯಾವ ದೇಶದ ಒಪ್ಪಿಗೆ ಬೇಕು ಅನ್ನೋದು ಒಂದೇ ಕಾಗದದಲ್ಲಿ ಸಿಗಲಿ. ಕಂಪನಿಗಳು ನಿಯಮ ಬರೆದಿಟ್ಟಿಲ್ಲ ಅಂತಲ್ಲ. ಬರೆದದ್ದನ್ನು ಹುಡುಕಿ ತೆಗೆಯೋದಕ್ಕೆ ಪ್ರಯಾಣಿಕ ವಕೀಲನಾಗಬೇಕಾಗಿದೆ, ಅದೇ ತಕರಾರು.

ಪಂದ್ಯಕ್ಕೆ ಹೋಗುವ ಆಟಗಾರರ ಕೋವಿ ಶುಲ್ಕವನ್ನು ಅವರನ್ನು ಕಳಿಸುವವರೇ ಹೊರಲಿ ಅನ್ನೋದೂ ನ್ಯಾಯದ ಮಾತು. ಪದಕ ಬಂದಾಗ ಹಾರ ಹಿಡಿದು ನಿಲ್ದಾಣಕ್ಕೆ ಓಡೋರು ಬಹಳ ಜನ. ಹೊರಡುವ ದಿನ ಕೌಂಟರಿನ ಮುಂದೆ ಜೊತೆಗೆ ನಿಲ್ಲೋರು ಯಾರು ಅನ್ನೋದು ಪ್ರಶ್ನೆ.

ಬಸ್ಸಿನ ಕಂಡಕ್ಟರನ್ನು ಬೈಯೋದು ಜನರಿಗೆ ರೂಢಿ. ಆದರೆ ಪಾಪ, ಆತ ಮೂಟೆ ನೋಡಿದ ಕೂಡಲೇ ರೇಟು ಹೇಳ್ತಾನೆ, ಚೀಟಿಯನ್ನೂ ಹರಿದು ಕೊಡ್ತಾನೆ. ಆಕಾಶದಲ್ಲಿ ಹಾರೋರು ಅಷ್ಟನ್ನು ಕಲಿತರೆ ಸಾಕು.