ಕೊನೆಯ ದಿನಗಳ ಮಾತು ಕನ್ನಡದಲ್ಲೇ ಇರಲಿ

ನಮ್ಮ ಹಿರಿಯರು ಸಾವಿನ ಬಗ್ಗೆ ಮಾತಾಡುವುದೇ ಇಲ್ಲ ಎಂಬ ದೂರನ್ನು ಆಗಾಗ ಕೇಳುತ್ತೇವೆ. ನನಗೇನೋ ಅದು ನಿಜವೆನಿಸುವುದಿಲ್ಲ. ಅವರು ಧಾರಾಳವಾಗಿ ಮಾತಾಡುತ್ತಾರೆ. ಕಾಶಿಯಿಂದ ತಂದ ಗಂಗೆಯ ಪುಟ್ಟ ತಾಮ್ರದ ಬಿಂದಿಗೆ ದೇವರ ಮನೆಯ ಯಾವ ಮೂಲೆಯಲ್ಲಿದೆ, ಯಾವ ಸೀರೆ ಉಡಿಸಬೇಕು, ಸುಡಬೇಕೋ ಮಣ್ಣು ಮಾಡಬೇಕೋ, ಹೊಲದ ಯಾವ ಬದುವಿನಲ್ಲಿ, ಯಾರಿಗೆ ಮೊದಲು ಫೋನ್ ಮಾಡಬೇಕು, ವೈಕುಂಠ ಸಮಾರಾಧನೆಗೆ ಯಾವ ಅಡುಗೆಯವರು, ಎಲ್ಲವನ್ನೂ ಹೇಳಿಟ್ಟಿರುತ್ತಾರೆ. ಸತ್ತ ಮೇಲಿನ ಹದಿಮೂರು ದಿನಗಳಿಗೆ ನಮ್ಮಲ್ಲಿ ಪಕ್ಕಾ ಯೋಜನೆಯಿದೆ. ಸಾಯುವ ಮುಂಚಿನ ಹದಿಮೂರು ದಿನಗಳಿಗೆ ಮಾತ್ರ ಇಲ್ಲ.

ಆ ಹದಿಮೂರು ದಿನಗಳು ಈಗ ಹೆಚ್ಚಾಗಿ ಕಳೆಯುವುದು ತೀವ್ರ ನಿಗಾ ಘಟಕದಲ್ಲಿ. ಹುಬ್ಬಳ್ಳಿಯ ಅಪ್ಪ ಪುಣೆಯ ಮಗಳ ಮನೆಗೆ ಬಂದಿದ್ದಾಗ ಪಾರ್ಶ್ವವಾಯು ಬಡಿಯುತ್ತದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ, ನರ್ಸು ಮಲಯಾಳಂ ಬೆರೆತ ಹಿಂದಿಯಲ್ಲಿ, ಬಿಲ್ಲಿಂಗ್ ಕೌಂಟರಿನವರು ಮರಾಠಿಯಲ್ಲಿ ಮಾತಾಡುತ್ತಾರೆ. ಒಳಗೆ ಮಲಗಿರುವವರು ಕನ್ನಡದವರು, ಮಾತು ನಿಂತಿದೆ. ಅವರಿಗೆ ಏನು ಬೇಕಿತ್ತು ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದವರೇ ಸಹಿ ಮಾಡಬೇಕು.

ಇದಕ್ಕೆ ಕಾನೂನಿನಲ್ಲಿ ಒಂದು ದಾರಿ ತೆರೆದಿದೆ. ಆ ದಾರಿಯ ಇತಿಹಾಸ ಶುರುವಾಗುವುದೂ ಊರು ಬಿಟ್ಟು ಮುಂಬೈಗೆ ದುಡಿಯಲು ಹೋದ ಉತ್ತರ ಕನ್ನಡದ ಒಬ್ಬ ಹೆಣ್ಣುಮಗಳಿಂದ. ಹೊನ್ನಾವರದ ಹತ್ತಿರದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ಒಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ನಿಂತು ಅವರು ಮತ್ತೆಂದೂ ಮೊದಲಿನಂತಾಗಲಿಲ್ಲ. ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು. ಅರುಣಾ ಪರ ಮಾತಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದು, ಅವರಿಗೆ ಆಕೆ ಬದುಕಿರಬೇಕು ಎಂದಿದೆ ಎಂದಿತು. ಆದರೆ ಅದೇ ತೀರ್ಪಿನಲ್ಲಿ, ಬೇರೆ ಪ್ರಕರಣಗಳಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂದೂ ಹೇಳಿತು. ಅರುಣಾ 2015ರ ಮೇ 18ರಂದು ತೀರಿಕೊಂಡರು. ನಲವತ್ತೊಂದೂವರೆ ವರ್ಷ ಕೆಇಎಂ ನರ್ಸುಗಳು ಅವರನ್ನು ನೋಡಿಕೊಂಡ ಬಗೆಗೆ ತಲೆಬಾಗಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಗೆಳತಿಯೋ ಆಸ್ಪತ್ರೆಯೋ ಎಂದು ಕೋರ್ಟು ಆರಿಸಬೇಕಾಗಿ ಬಂದದ್ದೇ ಅರುಣಾ ಅವರ ಸ್ವಂತ ಮಾತು ಎಲ್ಲಿಯೂ ಇರಲಿಲ್ಲ ಎಂಬ ಕಾರಣಕ್ಕೆ. ದಾಳಿ ನಡೆದಾಗ ಅವರಿಗೆ ಇಪ್ಪತ್ತೈದು ದಾಟಿತ್ತಷ್ಟೆ. ಆ ವಯಸ್ಸಿನಲ್ಲಿ ಯಾರು ಬರೆದಿಡುತ್ತಾರೆ?

2018ರ ಮಾರ್ಚ್ 9ರಂದು ಕಾಮನ್ ಕಾಸ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಪ್ರಶ್ನೆಗೆ ಉತ್ತರಿಸಿತು. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಇದೆ, ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡ ಎಂದು ಯಾರೇ ವಯಸ್ಕರು ಮೊದಲೇ ಬರೆದಿಡಬಹುದು ಎಂದಿತು. ಆದರೆ ಆಗ ಹಾಕಿದ ಷರತ್ತುಗಳು ಭಾರವಾಗಿದ್ದವು. ಸಹಿಗೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಿತ್ತು. ವೈದ್ಯ ಮಂಡಳಿಗೆ 20 ವರ್ಷ ಅನುಭವದ ತಜ್ಞರು ಬೇಕಿತ್ತು. 2023ರ ಜನವರಿ 24ರಂದು ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ನಿರ್ಧರಿಸುವವರ ಹೆಸರನ್ನು ಅದರಲ್ಲಿ ಬರೆಯಬೇಕು, ಒಂದಕ್ಕಿಂತ ಹೆಚ್ಚು ಹೆಸರು ಕೊಡಬಹುದು. ಪ್ರತಿಯೊಂದನ್ನು ಅವರಿಗೆ, ಮನೆ ಡಾಕ್ಟರಿಗೆ, ಸ್ಥಳೀಯ ಪಾಲಿಕೆ ಅಥವಾ ಪಂಚಾಯಿತಿ ನೇಮಿಸಿದ ಅಧಿಕಾರಿಗೆ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು. ಇದು ಇಡೀ ದೇಶಕ್ಕೆ ಅನ್ವಯಿಸುವ ವ್ಯವಸ್ಥೆ.

ಕಾಗದದ ಮೇಲಿನ ವ್ಯವಸ್ಥೆ ನೆಲಕ್ಕಿಳಿಯುತ್ತಿರುವುದು ನಿಧಾನಕ್ಕೆ. ಮಹಾರಾಷ್ಟ್ರದಲ್ಲಿ ಈ ಪತ್ರಗಳನ್ನು ಕಾಪಿಡುವ ಅಧಿಕಾರಿಗಳು ನೇಮಕವಾದದ್ದು ಮುಂಬೈನ ಡಾ. ನಿಖಿಲ್ ದಾತಾರ್ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ. ಗೋವಾದಲ್ಲಿ 2024ರಲ್ಲಿ ಮೊದಲು ಇಂಥ ಪತ್ರ ಮಾಡಿಟ್ಟವರು ಹೈಕೋರ್ಟಿನ ನ್ಯಾಯಮೂರ್ತಿ ಎಂ.ಎಸ್. ಸೋನಕ್. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿ, ಆಸ್ಪತ್ರೆಗಳಲ್ಲಿ ವೈದ್ಯ ಮಂಡಳಿಗಳ ರಚನೆಗೆ ದಾರಿ ಮಾಡಿತು.

ಆ ದಿನಗಳಲ್ಲಿ ಎಷ್ಟೋ ಕಡೆ ಕಂಡದ್ದು ‘ರಾಜ್ಯದಲ್ಲಿ ದಯಾಮರಣಕ್ಕೆ ಅವಕಾಶ’ ಎಂಬ ಅರ್ಥದ ತಲೆಬರಹ. ಅನುವಾದವೇ ಕಸುಬಾದ ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಕಾಟ ಕೊಡುವ ಪದ ಇದು. ದಯಾಮರಣ ಎಂದೊಡನೆ ಯಾರೋ ಇನ್ನೊಬ್ಬರು ದಯೆತೋರಿ ಸೂಜಿ ಚುಚ್ಚುವ ಚಿತ್ರ ಕಣ್ಣಮುಂದೆ ಬರುತ್ತದೆ. ಅದು ಭಾರತದಲ್ಲಿ ಇಂದಿಗೂ ಅಪರಾಧ. ಕೋರ್ಟು ಒಪ್ಪಿರುವುದು ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದನ್ನು ಅಥವಾ ನಿಲ್ಲಿಸುವುದನ್ನು ಮಾತ್ರ. ಆಗ ಸಾಯಿಸುವುದು ರೋಗ, ಡಾಕ್ಟರಲ್ಲ. ‘ಇಚ್ಛಾಮರಣ’ ಎಂದರೆ ಶರಶಯ್ಯೆಯ ಭೀಷ್ಮ ಬರುತ್ತಾನೆ. ‘ಜೀವಂತ ಉಯಿಲು’ ಎಂದರೆ ಆಸ್ತಿಯ ವಾಸನೆ ಬಡಿಯುತ್ತದೆ. ಉಯಿಲಿಗೆ ನಮ್ಮಲ್ಲಿರುವ ಹಳೆಯ ಹೆಸರು ಮರಣಶಾಸನ, ಮರಾಠಿಯಲ್ಲಿ ಮೃತ್ಯುಪತ್ರ. ಅದು ಜಾರಿಯಾಗುವುದು ಸತ್ತ ಮೇಲೆ. ಇದು ಜಾರಿಯಾಗುವುದು ಉಸಿರಿರುವಾಗಲೇ. ಸರ್ಕಾರಿ ಕನ್ನಡದ ‘ಮುಂಗಡ ವೈದ್ಯಕೀಯ ನಿರ್ದೇಶನ’ ಬಾಡಿಗೆ ಮನೆಗೆ ಕೊಟ್ಟ ಮುಂಗಡವನ್ನು ನೆನಪಿಸಿದರೂ ಇವುಗಳಲ್ಲಿ ಅದೇ ವಾಸಿ.

ಹೆಸರು ಏನೇ ಇರಲಿ, ಒಳಗಿನ ಮಾತುಗಳು ಇನ್ನೂ ಮುಖ್ಯ. ಇಂಗ್ಲಿಷಿನ ನಮೂನೆಯನ್ನು ಮುಂದಿಟ್ಟುಕೊಂಡು ಪದಕ್ಕೆ ಪದ ಕನ್ನಡಿಸಿದರೆ ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸಲು ಪ್ರಯತ್ನಿಸುವುದು ‘ಪುನರುಜ್ಜೀವನ’ ಆಗುತ್ತದೆ. ‘ನಿಮ್ಮ ತಂದೆಗೆ ಪುನರುಜ್ಜೀವನ ಬೇಡವೇ?’ ಎಂದು ಕೇಳಿದರೆ ಯಾವ ಮಗ ಬೇಡ ಎಂದಾನು? ‘ಎದೆಯನ್ನು ಜೋರಾಗಿ ಒತ್ತುತ್ತೇವೆ, ವಯಸ್ಸಾದವರಲ್ಲಿ ಪಕ್ಕೆಲುಬು ಮುರಿಯಬಹುದು, ಗಂಟಲಿಗೆ ಕೊಳವೆ ಇಳಿಸುತ್ತೇವೆ, ಇಷ್ಟಾದರೂ ಮೂಲ ಕಾಯಿಲೆ ಹಾಗೇ ಇರುತ್ತದೆ’ ಎಂದು ಹೇಳಿದರೆ ಅದೇ ಮಗ ಯೋಚಿಸುತ್ತಾನೆ. ‘ಜೀವಾಧಾರ ತೆಗೆಯುವುದು’ ಎಂಬ ಪ್ರಯೋಗವೂ ಹಾಗೆಯೇ. ಅದನ್ನು ಕೇಳಿ ಒಪ್ಪಿದವರು ಜೀವನಪೂರ್ತಿ ತಾವೇ ಕೊಂದೆವೆಂದು ಕೊರಗುತ್ತಾರೆ. ‘ಯಂತ್ರ ನಿಲ್ಲಿಸಿ ನೋವು ಕಡಿಮೆ ಮಾಡುವ ಔಷಧಿ ಮುಂದುವರಿಸುತ್ತೇವೆ’ ಎಂದರೆ ಆಗುವುದೂ ಅದೇ, ಹೇಳಿದ್ದೂ ನಿಜ.

ಭಾಷಾಶಾಸ್ತ್ರ ಓದಿದವಳಾಗಿ ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬರುತ್ತದೆ. ಸಾವಿಗೆ ಕನ್ನಡದಲ್ಲಿರುವ ಕ್ರಿಯಾಪದಗಳನ್ನು ನೋಡಿ: ತೀರಿಕೊಂಡರು, ಪ್ರಾಣ ಬಿಟ್ಟರು, ಕಣ್ಣು ಮುಚ್ಚಿದರು, ಕೊನೆಯುಸಿರೆಳೆದರು. ಹೆಚ್ಚಿನವುಗಳಲ್ಲಿ ಸಾಯುವವರೇ ಕರ್ತೃ. ‘ತೀರಿಕೊಂಡರು’ ಎಂಬುದರಲ್ಲಂತೂ, ಬರೆದುಕೊಂಡರು, ಮಾಡಿಕೊಂಡರು ಎಂಬಲ್ಲಿರುವ, ತನಗಾಗಿ ತಾನೇ ಮಾಡುವುದನ್ನು ಸೂಚಿಸುವ ‘ಕೊಳ್ಳು’ ಇದೆ. ಆಸ್ಪತ್ರೆ ಸೇರಿದ ಮೇಲೆ ವ್ಯಾಕರಣ ತಲೆಕೆಳಗಾಗುತ್ತದೆ. ವೆಂಟಿಲೇಟರ್‌ನಲ್ಲಿ ಇಟ್ಟಿದ್ದಾರೆ, ಟ್ಯೂಬ್ ಹಾಕಿದ್ದಾರೆ, ಕೈ ಕಟ್ಟಿದ್ದಾರೆ, ನಾಳೆ ಡಯಾಲಿಸಿಸ್ ಮಾಡುತ್ತಾರಂತೆ. ಕರ್ತೃಗಳೆಲ್ಲ ಬೇರೆಯವರು. ವ್ಯಾಕರಣದಿಂದ ಕಾನೂನು ಹುಟ್ಟುವುದಿಲ್ಲ, ಒಪ್ಪುತ್ತೇನೆ. ಆದರೆ ಮೊದಲೇ ಬರೆದಿಟ್ಟ ಒಂದು ಪತ್ರ ಮಾಡುವ ಕೆಲಸ ಇಷ್ಟೇ: ಮಾತು ನಿಂತ ಮೇಲೂ ಆ ವ್ಯಕ್ತಿಯನ್ನು ತನ್ನ ವಾಕ್ಯದ ಕರ್ತೃವಾಗಿ ಉಳಿಸುವುದು.

ಹಾಗಾಗಿ ನನ್ನ ವಾದ ಇದು. ಹೊರನಾಡಿನ ಕನ್ನಡದ ಮನೆಗಳು ಈ ಪತ್ರವನ್ನು ಮಾಡಿಡಬೇಕು, ಮೊದಲು ಕನ್ನಡದಲ್ಲಿ ಬರೆಯಬೇಕು, ಆಮೇಲೆ ಆಸ್ಪತ್ರೆ ಓದುವ ಭಾಷೆಗೆ ತರಬೇಕು. ಪತ್ರ ಬರಹದಲ್ಲಿರಬೇಕು, ಸ್ಪಷ್ಟವಾಗಿರಬೇಕು ಎಂದು ಕೋರ್ಟು ಹೇಳಿದೆ. ಕನ್ನಡದಲ್ಲಿರಬಾರದು ಎಂದಿಲ್ಲ. ಆದರೆ ಗುರುಗ್ರಾಮದ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಕನ್ನಡ ಓದುವವರು ಸಿಗುವುದಿಲ್ಲ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಎರಡರ ಕೆಳಗೂ ಸಹಿ ಇರಲಿ. ಇಂಗ್ಲಿಷ್ ನಮೂನೆಗೆ ಅಪ್ಪನಿಂದ ಸಹಿ ಹಾಕಿಸುವುದು ಸುಲಭ. ಆದರೆ ಆಗ ಅದರಲ್ಲಿರುವುದು ವಕೀಲರ ಮಾತು. ಹಿರಿಯರ ಮಾತನ್ನೇ ಇಳಿಸಿಕೊಂಡರೆ ಅಣ್ಣ ತಮ್ಮಂದಿರು ಜಗಳಕ್ಕೆ ನಿಂತಾಗ ‘ಇದು ಅಪ್ಪ ಹೇಳಿದ್ದೇ’ ಎಂದು ಗುರುತು ಹತ್ತುತ್ತದೆ.

ಇಲ್ಲಿ ಒಂದು ತೊಡಕಿದೆ. ಹಿರಿಯರು ಹೇಳುವುದು ‘ಕೈಕಾಲು ಗಟ್ಟಿಯಿರುವಾಗಲೇ ಹೋಗಿಬಿಡಬೇಕು’, ‘ಯಾರಿಗೂ ಹೊರೆಯಾಗಬಾರದು’ ಎಂದು. ಇವು ಹರಕೆಗಳು. ಇವುಗಳಿಂದ ಡಾಕ್ಟರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಹೊರೆ’ ಎಂಬ ಮಾತನ್ನು ಹಾಗೇ ಬರೆದುಕೊಳ್ಳುವುದೂ ಅಪಾಯ, ಏಕೆಂದರೆ ಖರ್ಚಿಗೆ ಹೆದರಿ ಬೇಡವೆನ್ನುವುದು ಇಷ್ಟವಲ್ಲ, ಸಂಕೋಚ. ಅದರ ಹಿಂದಿನ ಭಯವೇನು ಎಂದು ಕೇಳಬೇಕು. ನೋವೇ, ಇನ್ನೊಬ್ಬರು ಮೈತೊಳೆಯುವುದೇ, ಯಾರನ್ನೂ ಗುರುತಿಸಲಾಗದಿರುವುದೇ, ಒಬ್ಬರೇ ಇರುವುದೇ? ಆಮೇಲೆ ಬಿಡಿ ಪ್ರಶ್ನೆಗಳು. ಉಸಿರಾಟದ ಯಂತ್ರವನ್ನು ಕೆಲವು ದಿನ ಪ್ರಯತ್ನಿಸಿ ನೋಡಬಹುದೇ? ನುಂಗಲು ಆಗದಿದ್ದರೆ ಮೂಗಿನ ಕೊಳವೆ ಬೇಕೇ? ಮತ್ತೆ ಎಚ್ಚರವಾಗುವುದಿಲ್ಲ ಎಂದು ಡಾಕ್ಟರು ಖಚಿತವಾಗಿ ಹೇಳಿದರೆ? ಕೊನೆಗೆ ಮನೆಯೋ ಆಸ್ಪತ್ರೆಯೋ? ಮನೆಯೆಂದರೆ ಊರಿನದೋ ಮಗನದೋ?

ದುರುಪಯೋಗದ ಭಯ ನಿಜವಾದದ್ದು. ಆಸ್ತಿಗಾಗಿ ಹಿರಿಯರಿಂದ ಸಹಿ ಹಾಕಿಸುವ ಮಕ್ಕಳು ಇಲ್ಲವೆಂದು ಹೇಳಲಾರೆ. ಆದರೆ ಈ ಪತ್ರ ತೋರಿಸಿದ ಮಾತ್ರಕ್ಕೆ ಯಾರೂ ಯಂತ್ರ ಆರಿಸುವಂತಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು ಮೊದಲು ಒಪ್ಪಬೇಕು. ಅವರಲ್ಲಿ ಯಾರೂ ಇಲ್ಲದ ಎರಡನೇ ಮಂಡಳಿ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರನ್ನು ಒಳಗೊಂಡು, ಮತ್ತೆ ಪರಿಶೀಲಿಸಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಜಾರಿಗೆ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಪತ್ರ ಅಸ್ಪಷ್ಟವಾಗಿದ್ದರೆ ಅದನ್ನು ಪಾಲಿಸುವುದಿಲ್ಲ. ಇಷ್ಟು ಕಾವಲು ಪತ್ರವಿಲ್ಲದೆ ನಡೆಯುವ ಸಾವುಗಳಿಗೆ ಎಲ್ಲಿದೆ? ಹಣ ಮುಗಿದಾಗ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂದು ಬರೆದುಕೊಟ್ಟು, ನೋವಿನ ಮಾತ್ರೆಯೂ ಇಲ್ಲದೆ ಆಂಬುಲೆನ್ಸಿನಲ್ಲಿ ಊರಿನ ದಾರಿ ಹಿಡಿಯುವುದು ನಮಗೆಲ್ಲ ಗೊತ್ತು. ಆ ನಿರ್ಧಾರವನ್ನು ಯಾವ ಮಂಡಳಿಯೂ ನೋಡುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಚಿಕಿತ್ಸೆಯೇ ಸಿಗದೆ ಸಾಯುವವರಿರುವ ದೇಶದಲ್ಲಿ ಚಿಕಿತ್ಸೆ ಬೇಡವೆನ್ನುವ ಹಕ್ಕಿನ ಮಾತು ಉಳ್ಳವರ ಚಿಂತೆಯಲ್ಲವೇ? ಅರ್ಧ ಹೌದು. ಆದ್ದರಿಂದಲೇ ಉಪಶಾಮಕ ಆರೈಕೆಯನ್ನು ಬಿಟ್ಟು ಈ ಪತ್ರದ ಬಗ್ಗೆ ಮಾತಾಡಬಾರದು. ಬೇಡ ಎಂದು ಬರೆದವರಿಗೆ ಬದಲಾಗಿ ಏನು ಸಿಗುತ್ತದೆ ಎಂಬುದೂ ಗೊತ್ತಿರಬೇಕು. ಮುಂಬೈನಲ್ಲಿ 1986ರಿಂದ ಶಾಂತಿ ಅವೇದನಾ ಸದನವಿದೆ. ಬೆಂಗಳೂರಿನಲ್ಲಿ ಕರುಣಾಶ್ರಯ, ದೆಹಲಿಯಲ್ಲಿ ಮನೆಗೇ ಬರುವ ಕ್ಯಾನ್‌ಸಪೋರ್ಟ್ ತಂಡ, ಪುಣೆಯಲ್ಲಿ ಸಿಪ್ಲಾ ಕೇಂದ್ರ, ಹೈದರಾಬಾದಿನಲ್ಲಿ ಸ್ಪರ್ಶ್ ಇವೆ. ನೋವು ನಿವಾರಣೆಗೆ ಮಾರ್ಫಿನ್ ಸಿಗುವುದನ್ನು ಸುಲಭಗೊಳಿಸಲು ಮಾದಕವಸ್ತು ಕಾಯ್ದೆಗೆ 2014ರಲ್ಲೇ ತಿದ್ದುಪಡಿಯಾಗಿದೆ. ಆದರೂ ಜಿಲ್ಲಾ ಊರುಗಳಲ್ಲಿ ಇದು ಸಾಲದು. ಪತ್ರಗಳು ಹೆಚ್ಚಿದಂತೆ ಈ ಬೇಡಿಕೆಯೂ ಹೆಚ್ಚಬೇಕು.

ಶುರು ಎಲ್ಲಿಂದ? ನಮ್ಮಿಂದಲೇ, ಮೂವತ್ತು ನಲವತ್ತರಲ್ಲಿರುವವರಿಂದ. ಎಪ್ಪತ್ತೈದರ ಅಮ್ಮನ ಮುಂದೆ ಖಾಲಿ ಹಾಳೆ ಹಿಡಿದು ಕೂತರೆ ಅವರಿಗೆ ಅದು ಲೆಕ್ಕ ಚುಕ್ತಾ ಮಾಡುವಂತೆ ಕಾಣುತ್ತದೆ. ‘ನಾನು ನನ್ನದನ್ನು ಬರೆದಿದ್ದೇನೆ, ಒಮ್ಮೆ ಓದಿ ಹೇಳಮ್ಮ’ ಎಂದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಮೊದಲು ಬೈಯುತ್ತಾರೆ, ಬಿಡ್ತು ಅನ್ನು ಅನ್ನುತ್ತಾರೆ. ಬೈದಾದ ಮೇಲೆ ಓದುತ್ತಾರೆ. ಓದಿದ ಮೇಲೆ ‘ನನಗಾದರೆ ಹೀಗಲ್ಲ’ ಎನ್ನುತ್ತಾರೆ. ಆ ‘ಹೀಗಲ್ಲ’ದ ಮುಂದಿನ ವಾಕ್ಯವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಇಷ್ಟೂ ಆಗದಿದ್ದರೆ ಈ ಸಲ ಊರಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ ಬನ್ನಿ: ನಿಮಗೆ ಮಾತಾಡಲು ಆಗದ ದಿನ ನಿಮ್ಮ ಪರವಾಗಿ ಯಾರು ಮಾತಾಡಬೇಕು? ಅವರು ಹೇಳುವ ಹೆಸರು ನಿಮ್ಮದೇ ಆಗಿರಬೇಕೆಂದಿಲ್ಲ. ಯಾರದಾದರೂ ಸರಿ, ಆ ಹೆಸರು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.