ಯಜಮಾನರು ಬರಲಿ

ಮಲೆನಾಡಿನ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿಕೊಟ್ಟ ಮಾತುಗಳಲ್ಲಿ ತೀರಾ ದುಬಾರಿಯಾದದ್ದು ಒಂದಿದೆ: 'ಯಜಮಾನರು ಬರಲಿ, ಆಮೇಲೆ ನೋಡೋಣ.' ಅಡಿಕೆ ಮಾರುವುದಕ್ಕೆ, ಹಸು ಕೊಳ್ಳುವುದಕ್ಕೆ ಈ ಮಾತು ನಡೆದೀತು. ಪಾರ್ಶ್ವವಾಯು ಹೊಡೆದಾಗ ನಡೆಯದು.

ನಮ್ಮ ಆನಂದಪುರದ ಸುತ್ತ ಆಗುವುದೇನು? ಅತ್ತೆಯ ಬಾಯಿ ಸೊಟ್ಟಗಾಗುತ್ತದೆ, ಒಂದು ಕೈ ಜೋತುಬೀಳುತ್ತದೆ, ಮಾತು ತೊದಲುತ್ತದೆ. ಸೊಸೆಗೆ ಆಗಲೇ ಅನುಮಾನ ಬಂದಿರುತ್ತದೆ. ಆದರೂ ತೋಟಕ್ಕೆ ಆಳು ಓಡುತ್ತಾನೆ, ಬೆಂಗಳೂರಿನ ಮಗನಿಗೆ ಫೋನು ಹೋಗುತ್ತದೆ. ಒಬ್ಬರು ಎಣ್ಣೆ ತಿಕ್ಕಿ ಎನ್ನುತ್ತಾರೆ, ಇನ್ನೊಬ್ಬರು ಕಷಾಯ ಕುಡಿಸಿ ಎನ್ನುತ್ತಾರೆ. ಪಕ್ಕದ ನರಸೀಪುರಕ್ಕೆ ನಾಟಿ ಔಷಧಿಗಾಗಿ ದೂರದ ಊರುಗಳಿಂದ ಜನ ಬರುವುದನ್ನು ಕಂಡವರು ನಾವು; ಬೇರು ತೊಗಟೆಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಕಷಾಯ ಕುದಿಯುವವರೆಗೂ ಅವು ಕಾಯುವುದಿಲ್ಲ. ನುಂಗಲಾರದ ಬಾಯಿಗೆ ಕಷಾಯ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ.

ಆಗಿರುವುದು ರಕ್ತಸ್ರಾವವೋ, ಹೆಪ್ಪುಗಟ್ಟಿದ ರಕ್ತದ ಅಡ್ಡಿಯೋ ಎಂಬುದನ್ನು ಸ್ಕ್ಯಾನ್ ಮಾತ್ರ ಹೇಳಬಲ್ಲದು. ಅಡ್ಡಿಯಾದರೆ, ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು. ದೊಡ್ಡ ನಾಳವೇ ಮುಚ್ಚಿದ್ದರೆ ಇಂಜೆಕ್ಷನ್ ಒಂದೇ ಸಾಲದು. ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆಯನ್ನು ಮೆದುಳಿನವರೆಗೆ ಏರಿಸಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ. 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ ಇಂಥ 500 ರೋಗಿಗಳಿದ್ದರು. ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಲ್ಲಿ ಮೂರು ತಿಂಗಳ ನಂತರ ಪರರ ಹಂಗಿಲ್ಲದೆ ಬದುಕುವಂತಾದವರು ನೂರಕ್ಕೆ 19. ನಳಿಕೆಯ ಚಿಕಿತ್ಸೆಯನ್ನೂ ಪಡೆದವರಲ್ಲಿ 33. ಎಲ್ಲರಿಗೂ ಇದು ಬೇಕಿಲ್ಲ, ಎಲ್ಲರಿಗೂ ಒಗ್ಗುವುದೂ ಇಲ್ಲ. ಸಾಮಾನ್ಯವಾಗಿ ಆರು ಗಂಟೆಯೊಳಗೆ ಆಗಬೇಕು. ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ತಿಳಿಯಿತು. ಆದರೆ ಅದು ತಡಮಾಡಲು ಸಿಕ್ಕ ರಜೆಯಲ್ಲ.

ಈಗ ಲೆಕ್ಕ ಹಾಕಿ. ಇಲ್ಲಿಂದ ಶಿವಮೊಗ್ಗ ಸುಮಾರು 50 ಕಿಲೋಮೀಟರ್. ನಳಿಕೆಯ ಚಿಕಿತ್ಸೆಗೆಂದು ಮಣಿಪಾಲಕ್ಕೆ ಹೊರಟರೆ ಘಟ್ಟ ಇಳಿಯಬೇಕು. ಬೆಂಗಳೂರಾದರೆ ಶಿವಮೊಗ್ಗದಿಂದಾಚೆಗೆ ಇನ್ನೂ 300 ಕಿಲೋಮೀಟರ್. ಇದರ ಮೇಲೆ ಯಜಮಾನರ ದಾರಿ ಕಾಯುವ ಎರಡು ಗಂಟೆಯನ್ನು ಎಲ್ಲಿಂದ ತರುತ್ತೀರಿ?

ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, 'ಕೊನೆಯ ಬಾರಿ ಇವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?' ಅದಕ್ಕೆ ಉತ್ತರ ಗೊತ್ತಿರುವುದು ಬೆಳಿಗ್ಗೆ ಕಾಫಿ ಕೊಟ್ಟವಳಿಗೆ. ಉತ್ತರ ಗೊತ್ತಿದ್ದವಳು ಬಾಗಿಲ ಹಿಂದೆ, ಏನೂ ಗೊತ್ತಿಲ್ಲದವರು ವೈದ್ಯರ ಮುಂದೆ! ಇದ್ಯಾವ ನ್ಯಾಯ?

ಖರ್ಚಿನ ಮಾತು ಬಂದೇ ಬರುತ್ತದೆ. ಹೌದು, ಲಕ್ಷಗಳ ಬಾಬ್ತು. ಆದರೆ ಗೃಹಪ್ರವೇಶಕ್ಕೆ ಹಿಂದೆಮುಂದೆ ನೋಡದೆ ಸಾಲ ಎತ್ತುವ ಮನೆ, ಹೆಂಡತಿಯ ಮೆದುಳು ಎಂದಾಗ ಮಾತ್ರ ಅಡಿಕೆ ರೇಟು ವಿಚಾರಿಸುತ್ತದೆ. ಹತ್ತು ವರ್ಷ ಹಾಸಿಗೆ ಹಿಡಿದವರನ್ನು ಎತ್ತಿ ಇಳಿಸುವ ಖರ್ಚನ್ನು ಯಾರೂ ಬರೆದಿಡುವುದಿಲ್ಲ, ಏಕೆಂದರೆ ಆ ಕೂಲಿ ಮನೆಯ ಹೆಂಗಸಿನದು, ಬಿಟ್ಟಿ. ಇನ್ನು ಬಡವರ ಮನೆಗೆ ಈ ಚಿಕಿತ್ಸೆ ಎಟುಕುವಂತೆ, ಪ್ರತಿ ಜಿಲ್ಲಾ ಕೇಂದ್ರದಲ್ಲೂ ಹಗಲಿರುಳು ಸಿಗುವಂತೆ ಮಾಡಬೇಕಾದದ್ದು ಸರ್ಕಾರ. ಅದನ್ನು ಕೇಳುವ ಬಾಯಿಯೂ ನಮ್ಮದೇ ಆಗಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ರಾತ್ರಿಯಲ್ಲೂ ಸ್ಕ್ಯಾನ್, ಇಂಜೆಕ್ಷನ್ ಸಿಗುವ ಆಸ್ಪತ್ರೆ ಯಾವುದು, ನಳಿಕೆಯ ಚಿಕಿತ್ಸೆ ಎಲ್ಲಿದೆ, 108 ತಡವಾದರೆ ಯಾರ ಗಾಡಿ ಎಂದು ಇಂದೇ ವಿಚಾರಿಸಿ ಕ್ಯಾಲೆಂಡರಿನ ಪಕ್ಕ ಒಂದು ಚೀಟಿ ಅಂಟಿಸಿ. ಹೊರಡುವ ತೀರ್ಮಾನ ಯಾರದು ಎಂಬಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ. ಯಜಮಾನರು ಬರಲಿ, ಬೇಡವೆಂದವರು ಯಾರು? ನೇರವಾಗಿ ಆಸ್ಪತ್ರೆಗೆ ಬರಲಿ.